ಒಂದು ಗುಂಡಿ, ಏಳು ನೆಪ

ನಮ್ಮ ತೋಟಗಾರರ ಸಂಘದಲ್ಲಿ ಬೇಲಿ ಎದೆಮಟ್ಟಕ್ಕಿಂತ ಎತ್ತರ ಇರಕೂಡದು ಎಂಬ ನಿಯಮವಿದೆ. ಗಾಳಿ, ಬೆಳಕಿಗಾಗಿ ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ಅದೆಲ್ಲ ಬರೀ ಮಾತು. ಪಕ್ಕದವನು ಮಣ್ಣಿಗೆ ಏನು ಹಾಕುತ್ತಿದ್ದಾನೆ, ಅವನ ಎಲೆಕೋಸು ನಮ್ಮದಕ್ಕಿಂತ ದಪ್ಪ ಯಾಕಾಯಿತು ಎಂದು ಇಣುಕಿ ನೋಡಲು ಮಾಡಿದ ವ್ಯವಸ್ಥೆ ಅದು. ನಾನು ಹುಬ್ ಸೇವೆನ್ಸ್, ಹದಿನಾರು ವರ್ಷದಿಂದ ಈ ಸಂಘದ ಕಾರ್ಯದರ್ಶಿ. ನಮ್ಮ ನಲವತ್ತು ಮಂದಿಯಲ್ಲಿ ಒಬ್ಬರು ಇನ್ನೊಬ್ಬರನ್ನು ನಂಬಿದ ದಾಖಲೆ ನಾನು ಬರೆದಿಟ್ಟ ನಡಾವಳಿಯಲ್ಲಿ ಎಲ್ಲೂ ಇಲ್ಲ.

ಮಾಸ್ ನದಿಗೂ ಊರಿನ ಏರಿಗೂ ನಡುವೆ ನಮ್ಮ ಐದು ಸಾಲು ತೋಟಗಳಿವೆ, ಸಾಲಿಗೆ ಎಂಟು. ಏರಿಯ ಬುಡದ್ದು ಐದನೇ ಸಾಲು, ನದಿಗೆ ಅಂಟಿಕೊಂಡದ್ದು ಮೊದಲನೇ ಸಾಲು. ಮೊದಲನೇ ಸಾಲಿನವರಿಗೆ ಸ್ವಲ್ಪ ಜಂಬ ಜಾಸ್ತಿ, ಯಾಕೆಂದರೆ ಚಳಿಗಾಲದಲ್ಲಿ ನದಿ ಉಕ್ಕಿ ಮೊದಲು ಅಲ್ಲಿಗೇ ಮೆಕ್ಕಲು ತಂದು ಹಾಕುತ್ತದೆ. ನನ್ನ ತೋಟವೂ ಅಲ್ಲೇ ಇದೆ.

ಏಪ್ರಿಲ್‌ನಲ್ಲಿ ಪುರಸಭೆಯಿಂದ ಪತ್ರ ಬಂತು. ಮಣ್ಣಿನಲ್ಲಿ ಸತು ಎಷ್ಟಿದೆ ಎಂದು ನೋಡಬೇಕಂತೆ. ಸತು ಒಂದೇ ತೋಟದಲ್ಲಿ ಗುಡ್ಡೆಬಿದ್ದಿದ್ದರೆ ಅದನ್ನು ತಂದು ಸುರಿದದ್ದು ಆ ತೋಟದವರೇ ಎಂದು ಅರ್ಥ, ಅವರು ಜಾಗ ಖಾಲಿ ಮಾಡಬೇಕು. ನದಿಯ ಮೆಕ್ಕಲಿನಿಂದ ಬಂದದ್ದಾದರೆ ಯಾರ ತಪ್ಪೂ ಅಲ್ಲ, ಅಂಥ ಕಡೆ ತರಕಾರಿ ಬಿಟ್ಟು ಹೂವು ಬೆಳೆದುಕೊಂಡಿರಬಹುದು. ಪತ್ರದ ಹಿಂದೆಯೇ ಪುರಸಭೆಯ ಮಣ್ಣು ಅಧಿಕಾರಿ ದೋಮೆನ್ ಮೇಡಂ ಉದ್ದನೆಯ ಕೊರೆಯುವ ಸಲಾಕೆ ಹಿಡಿದು ಬಂದರು.

ಹಿಂದಿನ ಸಾಲುಗಳಲ್ಲಿ ಇಪ್ಪತ್ತೈದು ಗುಂಡಿ ಸಲೀಸಾಗಿ ಆದವು. ಮೊದಲನೇ ಸಾಲಿಗೆ ಬಂದದ್ದೇ ತಡ, ಎಲ್ಲರಿಗೂ ಏನೋ ಅನುಮಾನ ಹತ್ತಿತು. ಅಧ್ಯಕ್ಷ ಲಂಬೆರ್ತ್ ಹೇಳಿದ, "ಕೊರೆದ್ರೆ ನನ್ನ ಜೇನುಹುಳ ಸಿಟ್ಟಾಗ್ತವೆ ಮೇಡಂ, ಆಮೇಲೆ ನಾನು ಜವಾಬ್ದಾರನಲ್ಲ." ವೀಲ್ ಕುಪ್ಪೆನ್ಸ್ ಮಣ್ಣಿನೊಳಗೇ ದಂಟು ಬಿಡುವ ತನ್ನ ಬಿಳಿ ಆಸ್ಪರಾಗಸ್ ದಿಬ್ಬದ ಮುಂದೆ ಎರಡೂ ಕೈ ಚಾಚಿ ನಿಂತ. "ಮೂರು ವರ್ಷ ಕಾದು ಈ ಸಲ ಮೊದಲ ಕೊಯ್ಲು. ಇದರ ಮೇಲೆ ನನ್ನ ಹೆಂಡ್ತಿನೇ ಕಾಲಿಡಲ್ಲ, ನೀವು ಸಲಾಕೆ ಇಡ್ತೀರಾ?" ಒಬ್ಬನ ನಾಯಿಯನ್ನು ಅಲ್ಲಿ ಹೂಳಿದ್ದರಂತೆ. ನನ್ನ ನೆಪ ಏನೆಂಬುದು ಇಲ್ಲಿ ಮುಖ್ಯವಲ್ಲ.

ಎಂಟನೇ ತೋಟ ಫೀನ್ ತಾಂತೆಯದು. ಎಪ್ಪತ್ತೊಂಬತ್ತು ವರ್ಷದ ಫೀನ್ ರಾಮಾಕರ್ಸ್ ಸಂಘಕ್ಕೆಲ್ಲ ತಾಂತೆ, ಅಂದರೆ ಅತ್ತೆ. ಆಕೆ ರೂಬಾರ್ಬ್ ಎಂಬ ಹುಳಿ ದಂಟಿನ ಗಿಡಗಳ ನಡುವೆ ಜಾಗ ಬಿಡಿಸಿಕೊಟ್ಟು, "ಎರಡು ಬೇಕಾದ್ರೂ ಕೊರ್ಕೊ ಮಗಳೇ, ನಂದೇನು ಗಂಟು ಹೋಗುತ್ತೆ?" ಎಂದಳು. ಅಲ್ಲಿಗೆ ಮೊದಲನೇ ಸಾಲಿನಲ್ಲಿ ಗುಂಡಿ ಒಂದು, ನೆಪ ಏಳು ಎಂದು ನಾನು ಬರೆದುಕೊಂಡೆ.

ಎರಡು ವಾರದಲ್ಲಿ ಸತು ಎಷ್ಟಿದೆ ಎಂದು ಗುಂಡಿಗೊಂದರಂತೆ ಇಪ್ಪತ್ತಾರು ಸಂಖ್ಯೆಗಳು ಬಂದವು. ಇನ್ನು ಇವುಗಳಿಂದ ನಕ್ಷೆ ಆಗಬೇಕು. ಪುರಸಭೆಯವರು ತಾವೇ ಮಾಡಿಸುತ್ತೇವೆ ಎಂದರು. ಆಗ ಎದ್ದು ನಿಂತವನು ವೀಲ್.

ವೀಲ್ ನಲವತ್ತು ವರ್ಷ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಅಂಗಡಿ ಇಟ್ಟಿದ್ದ. ನಿವೃತ್ತನಾದ ಮೇಲೆ ಗ್ರಂಥಾಲಯದಲ್ಲಿ ಮೂರು ದಿನದ ಕಂಪ್ಯೂಟರ್ ನಕ್ಷೆ ತರಬೇತಿಗೆ ಹೋಗಿ ಬಂದಿದ್ದ. ಮೂರನೇ ದಿನ ಆತನಿಗೆ ಹಲ್ಲುನೋವಿತ್ತು, ಮಧ್ಯಾಹ್ನವೇ ಎದ್ದು ಬಂದಿದ್ದ ಎಂಬುದು ಆಮೇಲೆ ತಿಳಿಯಿತು.

"ಹೊರಗಿನೋರಿಗೆ ಯಾಕೆ ಕೊಡ್ತೀರಿ? ಅವರ ಮೇಲೆ ಏನ್ ನಂಬಿಕೆ?" ಎಂದ ವೀಲ್. "ಕ್ರೀಗಿಂಗ್ ಅಂತ ಒಂದು ವಿಧಾನ ಇದೆ. ನಾನೇ ಮಾಡ್ತೀನಿ."

"ಏನದು ಕ್ರೀಗಿಂಗ್?" ಎಂದು ಲಂಬೆರ್ತ್ ಕಣ್ಣು ಕಿರಿದು ಮಾಡಿದ.

"ಗುಂಡಿ ತೋಡದ ಜಾಗದಲ್ಲಿ ಏನಿದೆ ಅಂತ, ಅಕ್ಕಪಕ್ಕದ ಗುಂಡಿಗಳನ್ನ ವಿಚಾರಿಸಿ ಹೇಳೋದು. ಹತ್ತಿರದ ಗುಂಡಿ ಮಾತಿಗೆ ತೂಕ ಜಾಸ್ತಿ, ದೂರದ್ದಕ್ಕೆ ಕಮ್ಮಿ."

ಇದು ಎಲ್ಲರಿಗೂ ತಕ್ಷಣ ಅರ್ಥವಾಯಿತು. ಯಾರ ಮನೆಯೊಳಗೆ ಕಾಲಿಟ್ಟಿಲ್ಲವೋ ಅವರ ವಿಷಯವನ್ನು ಪಕ್ಕದ ಮನೆಯವರಿಂದ ತಿಳಿದುಕೊಳ್ಳುವುದನ್ನು ನಮ್ಮೂರು ಮುನ್ನೂರು ವರ್ಷದಿಂದ ಮಾಡುತ್ತ ಬಂದಿದೆ. ಅದಕ್ಕೊಂದು ಶಾಸ್ತ್ರೀಯ ಹೆಸರಿದೆ ಎಂದು ತಿಳಿದು ನಮಗೆಲ್ಲ ಹೆಮ್ಮೆಯೇ ಆಯಿತು. ನಕ್ಷೆಯ ಕೆಲಸ ಸರ್ವಾನುಮತದಿಂದ ವೀಲ್ ಪಾಲಾಯಿತು.

ವೀಲ್ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ನಾನು ಪಕ್ಕದಲ್ಲೇ ಇದ್ದೆ, ಸಂಘದ ಪರವಾಗಿ ಕಣ್ಣಿಡಲು. ಸಂಖ್ಯೆಗಳನ್ನೆಲ್ಲ ತುಂಬಿದ ಮೇಲೆ ಪರದೆಯಲ್ಲಿ ಒಂದು ಪ್ರಶ್ನೆ ಬಂತು. ಮಾಹಿತಿಯಲ್ಲಿ ಟ್ರೆಂಡ್ ಇದೆಯೇ, ಅಂದರೆ ಒಂದು ದಿಕ್ಕಿಗೆ ಹೋದಂತೆ ಸಂಖ್ಯೆ ಏರುತ್ತಲೋ ಇಳಿಯುತ್ತಲೋ ಹೋಗುತ್ತದೆಯೇ? ಉತ್ತರಕ್ಕೆ ಎರಡೇ ಚೌಕ: ಹೌದು, ಇಲ್ಲ.

ವೀಲ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಹುಬ್, ನೀನು ಯಾವತ್ತಾದ್ರೂ ಸರ್ಕಾರಿ ಫಾರಂನಲ್ಲಿ 'ಹೌದು' ಅಂತ ಹಾಕಿದೀಯಾ?"

"ಒಂದ್ಸಲ ಹಾಕಿದ್ದೆ. ಮೂರು ಪುಟ ಜಾಸ್ತಿ ತುಂಬಿಸಿದ್ರು."

"ಅದಕ್ಕೇ ಕೇಳಿದ್ದು. ಇದರಲ್ಲೇನೋ ಮಸಲತ್ತಿದೆ. ಹೌದು ಅಂದ್ರೆ, ಯಾವ ದಿಕ್ಕು, ಎಷ್ಟು ದೂರ, ನಿಮ್ಮಪ್ಪ ಯಾರು ಅಂತ ಶುರು ಮಾಡ್ತಾರೆ." ಹೀಗೆಂದು ಅವನು ಇಲ್ಲ ಎಂಬಲ್ಲಿ ಒತ್ತಿದ. ಹಾಗೆ ಒತ್ತದವನು ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ.

ಕಂಪ್ಯೂಟರ್ ಸಾಧಾರಣ ಕ್ರೀಗಿಂಗ್ ಎಂದು ತಲೆಬರಹ ಕೊಟ್ಟು ನಕ್ಷೆ ಬಿಡಿಸಿತು. ಎಲ್ಲ ಕಡೆ ಹಿತವಾದ ಹಸಿರು, ನದಿಯ ದಡದಲ್ಲಿ ಮಾತ್ರ ಒಂದು ದುಂಡನೆಯ ಕೆಂಪು ಚುಕ್ಕೆ. ವೀಲ್ ಅದನ್ನು ಅಂಗಡಿಯವನ ಕಣ್ಣಿನಿಂದ ನೋಡಿ, "ಊಟದ ಕೋಣೆಗೆ ಒಪ್ಪುತ್ತೆ" ಎಂದ. ಆ ಚುಕ್ಕೆಯ ನಟ್ಟನಡುವೆ ಫೀನ್ ತಾಂತೆಯ ರೂಬಾರ್ಬ್ ಇತ್ತು.

ಶನಿವಾರ ಸಂಘದ ಶೆಡ್ಡಿನಲ್ಲಿ ಸಭೆ ಸೇರಿತು. ಏನೂ ಗೊತ್ತಿಲ್ಲದ ಫೀನ್ ತಾಂತೆ ಎಂದಿನಂತೆ ರೂಬಾರ್ಬ್ ತುಂಬಿದ ವ್ಲಾಯ್ ಬೇಯಿಸಿ ತಂದಿದ್ದಳು. ನಮ್ಮ ಕಡೆ ಹುಟ್ಟಿಗೂ ಸಾವಿಗೂ ಈ ದುಂಡನೆಯ ಸಿಹಿ ಬೇಕೇ ಬೇಕು, ಸಂಘದ ಸಭೆಗಂತೂ ತಾಂತೆಯ ವ್ಲಾಯ್ ಇಲ್ಲದೆ ಕೋರಂ ಆಗುವುದಿಲ್ಲ. ವೀಲ್ ನಕ್ಷೆ ತೂಗುಹಾಕಿದ. ನಲವತ್ತು ತಲೆ ಮುಂದಕ್ಕೆ ಬಾಗಿದವು, ಆಮೇಲೆ ನಿಧಾನವಾಗಿ ತಾಂತೆಯ ಕಡೆ ತಿರುಗಿದವು.

"ತಾಂತೆ," ಎಂದ ಲಂಬೆರ್ತ್, "ನಿಮ್ಮ ಯಜಮಾನ್ರು ಏನ್ ಕೆಲಸ ಮಾಡ್ತಿದ್ರು?"

"ಗೊತ್ತಿಲ್ವೇನೋ ನಿಂಗೆ? ನಿಮ್ಮನೆ ಚಾವಣಿಗೆ ಮಳೆನೀರು ಹರಿಯೋ ದೋಣಿ ಕೂರಿಸಿದ್ದೇ ಅವರು."

"ಯಾವುದರದು ದೋಣಿ?"

"ಸತುವಿಂದು. ಇನ್ಯಾವುದರದು ಇರುತ್ತೆ?"

ಶೆಡ್ಡಿನಲ್ಲಿ ಹಾ ಎಂಬ ಉದ್ಗಾರ ಹರಿದಾಡಿತು. ಒಬ್ಬಾಕೆಗೆ ತಾಂತೆಯ ನೀರಿನ ಕ್ಯಾನು ಸತುವಿನದೆಂದು ನೆನಪಾಯಿತು. ನಮ್ಮೆಲ್ಲರ ಕ್ಯಾನೂ ಸತುವಿನದೇ, ಆದರೆ ನಕ್ಷೆಯಲ್ಲಿ ನಮ್ಮ ತೋಟ ಹಸಿರಾಗಿತ್ತಲ್ಲ! ಇನ್ನೊಬ್ಬನಿಗೆ, ಹದಿನೈದು ವರ್ಷದ ಕೆಳಗೆ ತಾಂತೆ ಚಕ್ರದ ಗಾಡಿಯಲ್ಲಿ ಏನನ್ನೋ ಮುಚ್ಚಿಕೊಂಡು ಹೋದದ್ದು ಕಣ್ಣಿಗೆ ಕಟ್ಟಿತು. ಮುಚ್ಚಿಕೊಂಡು ಹೋದಳೆಂದರೆ ಒಳಗೇನೋ ಇತ್ತು ಎಂದೇ ಅರ್ಥ.

"ನನ್ನ ರೂಬಾರ್ಬ್ ದಪ್ಪ ಬರಲ್ಲ, ಅವರದು ಮಾತ್ರ ತೋಳಿನಷ್ಟು ದಪ್ಪ. ಈಗ ಗೊತ್ತಾಯ್ತು ಬಿಡಿ," ಎಂದಳು ವೀಲ್‌ನ ಹೆಂಡತಿ ಆನೆಮಿ.

ತಾಂತೆ ಎದ್ದು ನಿಂತಳು. "ಮೂವತ್ತನಾಲ್ಕು ವರ್ಷ ಆಯ್ತು ನಾನಿಲ್ಲಿ ಬಂದು. ಕೊರೀತೀನಿ ಅಂದ್ರು, ಕೊರ್ಕೊಳ್ಳಿ ಅಂದೆ. ನೀವೆಲ್ಲ ಬೇಡ ಅಂದ್ರಿ. ಹೂಂ ಅಂದೋಳೇ ಕಳ್ಳಿನಾ ಹಾಗಾದ್ರೆ?"

ಮುಂದಿನ ಸಭೆಯಲ್ಲಿ ಅಂತಿಮ ತೀರ್ಮಾನ, ಅಷ್ಟರೊಳಗೆ ಆಕೆ ಸಾಮಾನು ಕಟ್ಟಿಕೊಳ್ಳಲು ಶುರು ಮಾಡಬಹುದು ಎಂದು ಲಂಬೆರ್ತ್ ಸುತ್ತಿಗೆ ಕುಟ್ಟಿದ. ನಡಾವಳಿಯ ಕೊನೆಯಲ್ಲಿ ನಾನು ಬರೆದೆ: ವ್ಲಾಯ್, ಒಂದು. ಉಳಿದದ್ದು, ಒಂದು.

ಸೋಮವಾರ ದೋಮೆನ್ ಮೇಡಂ ನಕ್ಷೆಯ ಪ್ರತಿ ಹಿಡಿದು ವೀಲ್ ಮನೆಗೆ ಬಂದರು. ನಾನೂ ಹೋದೆ. ಪುರಸಭೆಯವರು ಒಬ್ಬನನ್ನೇ ಭೇಟಿಯಾಗುತ್ತಾರೆ ಎಂದರೆ ಯಾರಿಗೆ ಅನುಮಾನ ಬರುವುದಿಲ್ಲ ಹೇಳಿ?

"ಮೆನೇರ್ ಕುಪ್ಪೆನ್ಸ್, ಟ್ರೆಂಡ್ ಇಲ್ಲ ಅಂತ ಯಾಕೆ ಹಾಕಿದ್ರಿ?" ಎಂದು ಆಕೆ ಕೇಳಿದರು.

ವೀಲ್ ನನ್ನ ಕಡೆ ನೋಡಿದ. ನಾನು ಗೋಡೆಯ ಕಾಗದ ನೋಡಿದೆ.

"ಏರಿ ಹತ್ರ ಐದನೇ ಸಾಲಲ್ಲಿ ಎಷ್ಟಿದೆ ಓದಿ," ಎಂದರು ಮೇಡಂ.

"ಸುಮಾರು ನೂರ ನಲವತ್ತು."

"ನಾಲ್ಕನೇದರಲ್ಲಿ?"

"ಇನ್ನೂರು. ಮೂರನೇದರಲ್ಲಿ ಮುನ್ನೂರು. ಎರಡನೇದರಲ್ಲಿ ನಾನೂರ ಎಂಬತ್ತು." ಓದುತ್ತ ಓದುತ್ತ ವೀಲ್‌ನ ದನಿ ಸಣ್ಣದಾಯಿತು.

"ಸತು ನದಿ ಕಡೆಗೆ ಏರ್ತಾ ಬರ್ತಿದೆ. ನದಿ ಮೇಲ್ಗಡೆ ಇದ್ದ ಹಳೇ ಸತು ಕಾರ್ಖಾನೆಗಳ ಬೂದಿನ ನೂರು ವರ್ಷದಿಂದ ಪ್ರವಾಹ ತಂದು ಹಾಕಿದೆ. ದಡದ ಹತ್ರ ಜಾಸ್ತಿ, ದೂರ ಹೋದಂಗೆ ಕಮ್ಮಿ. ಹಂಗಿದ್ದಾಗ ಮೊದಲನೇ ಸಾಲಲ್ಲಿ ಎಷ್ಟಿರಬೇಕು?"

"ಆದ್ರೆ ಕಂಪ್ಯೂಟರು ನಮ್ಮ ತೋಟಗಳೆಲ್ಲ ಹಸಿರು ಅಂತಲ್ವಾ ಹೇಳಿದ್ದು?"

"ನೀವು ಏರಿಕೆ ಇಲ್ಲ ಅಂದ್ರಿ. ಅದು ಪಾಪ ನಿಮ್ಮನ್ನ ನಂಬ್ತು. ಗುಂಡಿ ಇಲ್ಲದ ಜಾಗಕ್ಕೆ ಎಲ್ಲ ತೋಟಗಳ ಸರಾಸರಿ ಹಚ್ಚಿಬಿಡ್ತು. ಆ ಸಾಲಲ್ಲಿ ಗುಂಡಿ ಇದ್ದದ್ದು ಒಂದೇ ಕಡೆ, ಹಾಗಾಗಿ ಅಲ್ಲೊಂದೇ ಚುಕ್ಕೆ. ನದಿಯಿಂದ ಎಷ್ಟು ದೂರ ಅನ್ನೋದನ್ನ ಸೇರಿಸಿ ಯೂನಿವರ್ಸಲ್ ಕ್ರೀಗಿಂಗ್ ಮಾಡಿ ನೋಡಿ. ಅದನ್ನೂ ಪೂರ್ತಿ ನಂಬಬೇಡಿ, ಅಲ್ಲಿ ಇರೋದು ಒಂದೇ ಗುಂಡಿ. ಸಭೆಗೆ ನಾನೂ ಬರ್ತೀನಿ."

ಮೇಡಂ ಹೋದ ಮೇಲೆ ವೀಲ್ ಈ ಸಲ ಹೌದು ಎಂಬಲ್ಲಿ ಒತ್ತಿದ. ಹೆಚ್ಚುವರಿ ಪುಟ ಒಂದೂ ಬರಲಿಲ್ಲ. ಬದಲಿಗೆ ನದಿಯುದ್ದಕ್ಕೂ ಕೆಂಪು ಪಟ್ಟಿಯೊಂದು ಮೂಡಿತು. ಅದರಡಿ ಲಂಬೆರ್ತನ ಜೇನುಪೆಟ್ಟಿಗೆ, ಸತ್ತ ನಾಯಿ, ವೀಲ್‌ನ ಆಸ್ಪರಾಗಸ್ ಎಲ್ಲ ಮುಳುಗಿದವು. ನನ್ನ ಕ್ಯಾರೆಟ್ ಪಾತಿಯೂ ಮುಳುಗಿತು. ಹೌದು, ನೆಪ ಅದೇ, ಹೊಸದಾಗಿ ಬಿತ್ತಿದ ಕ್ಯಾರೆಟ್.

"ಏನ್ ಮಾಡ್ಲಿ ಹುಬ್?"

"ನಕ್ಷೆ ಈಗಾಗ್ಲೇ ಒಂದಿದೆಯಲ್ಲ ಮಾರಾಯ," ಎಂದೆ ನಾನು. "ಒಂದು ಸಂಘಕ್ಕೆ ಎಷ್ಟು ನಕ್ಷೆ ಬೇಕು?" ಇದನ್ನು ಹೇಳಿದ್ದು ನಾನೇ. ಇವತ್ತಿಗೂ ನನಗೆ ಅದರ ಬಗ್ಗೆ ನಾಚಿಕೆಯಿದೆ.

ವೀಲ್ ಎರಡನೇ ನಕ್ಷೆಯನ್ನು ಗೋಡೆಕಾಗದದ ಸುರುಳಿಯೊಳಗೆ ಬಚ್ಚಿಟ್ಟ. ಊಟ ಸೇರದಾಯಿತು. ಗಂಡ ಪದೇ ಪದೇ ಹಿಂದಿನ ಕೋಣೆಗೆ ಹೋಗಿ ಒಂದು ಸುರುಳಿ ಮುಟ್ಟಿ ನೋಡಿ ಬರುವುದನ್ನು ಆನೆಮಿ ಗಮನಿಸಿದಳು.

"ಯಾರು ಆ ಮಣ್ಣಿನ ಮೇಡಂ? ಅವಳು ಬಂದು ಹೋದಾಗಿಂದ ನಿನ್ನ ಮುಖ ಒಂಥರಾ ಇದೆ."

"ಅವಳಲ್ಲ ಕಣೇ, ನದಿ."

"ನದಿ ಅಂತೆ! ಐವತ್ತು ವರ್ಷದಿಂದ ಪಕ್ಕದಲ್ಲೇ ಹರೀತಿದೆ, ಈಗ ಅದರ ಮೇಲೆ ಮನಸಾಯ್ತಾ?"

ಗುರುವಾರ ವೀಲ್ ತೋಟಕ್ಕೆ ಹೋದಾಗ ಫೀನ್ ತಾಂತೆ ಮಣ್ಣಿನಲ್ಲಿ ಮೊಣಕಾಲೂರಿ ರೂಬಾರ್ಬ್ ಗಡ್ಡೆಗಳನ್ನು ಅಗೆದು ಗಾಡಿಗೆ ತುಂಬುತ್ತಿದ್ದಳು. ಬೇಲಿಯಾಚೆಯಿಂದ ನಾನು ನೋಡುತ್ತಿದ್ದೆ, ಎದೆಮಟ್ಟದ ಬೇಲಿಯಲ್ಲವೆ. ಆಕೆ ಒಂದು ದಪ್ಪ ಗಡ್ಡೆ ಎತ್ತಿ ಅವನ ಕೈಗಿಟ್ಟಳು.

"ನಿನ್ನ ಹೆಂಡ್ತಿದು ದಪ್ಪ ಬರಲ್ಲ ಅಂದ್ಲಲ್ಲ. ಇದನ್ನ ನೆಟ್ಕೊಳ್ಳಿ. ಬೇರೆ ಯಾರೂ ಮುಟ್ಟಲ್ಲ ಅಂತಿದಾರೆ. ನೀನು ಕಂಪ್ಯೂಟರ್ ಓದ್ಕೊಂಡೋನು, ನಿಂಗೆ ಭಯ ಇರಲ್ಲ."

ವೀಲ್ ಗಡ್ಡೆಯನ್ನು ಮಗುವಿನಂತೆ ಎದೆಗವಚಿಕೊಂಡು ನಿಂತೇ ಇದ್ದ. ಅವನಿಗೆ ಅಳು ಬಂದಿತ್ತು, ಅದು ನನಗೆ ಕಂಡಿತು. ನನಗೂ ಎದೆಯಲ್ಲಿ ಏನೋ ಚುಚ್ಚಿತು, ಆದರೆ ಕ್ಯಾರೆಟ್ ಆಗತಾನೆ ಎರಡೆಲೆ ಬಿಟ್ಟಿತ್ತು.

ಮುಂದಿನ ಸಭೆಯಲ್ಲಿ, ಲಂಬೆರ್ತ್ ಸುತ್ತಿಗೆ ಎತ್ತುವ ಮೊದಲೇ ವೀಲ್ ಎದ್ದು ಎರಡನೇ ನಕ್ಷೆಯನ್ನು ಮೊದಲನೆಯದರ ಪಕ್ಕದಲ್ಲಿ ತೂಗುಹಾಕಿದ. ಶೆಡ್ಡಿನ ತಗಡು ಹಾರಿಹೋಗುವಷ್ಟು ಗಲಾಟೆಯಾಯಿತು.

"ಗುಂಡಿ ಅವೇ, ಸಂಖ್ಯೆ ಅವೇ, ನಕ್ಷೆ ಮಾತ್ರ ಬೇರೆ?" ಎಂದು ಲಂಬೆರ್ತ್ ಕೂಗಿದ. "ಒಂದು ಬಟನ್ ಒತ್ತಿದ್ರೆ ಎಂಟು ತೋಟ ಕೆಟ್ಟೋಗುತ್ತಾ?"

"ಎಷ್ಟು ವ್ಲಾಯ್ ಕೊಟ್ಲು ವೀಲ್ ನಿಂಗೆ?" ಎಂದ ನಾಯಿ ಹೂಳಿದವನು.

"ಗಡ್ಡೆ ಕೊಟ್ಟಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ!" ಎಂದು ಯಾರೋ ಕೂಗಿದರು. ಆ ಯಾರೋ ನಾನೇ. ಬಾಯಿತಪ್ಪಿ ಬಂದುಬಿಟ್ಟಿತು.

ವೀಲ್ ಕೆಂಪಾದ. ನಲವತ್ತು ವರ್ಷ ಗಿರಾಕಿಗಳಿಗೆ ತಗ್ಗಿ ಬಗ್ಗಿ ಮಾತಾಡಿದವನು ಅಂದು ಮೊದಲ ಸಲ ಮೇಜು ಗುದ್ದಿದ. "ನಂದು ತಪ್ಪಾಯ್ತು! ಏರಿಕೆ ಇದೆಯಾ ಅಂತ ಕೇಳಿದಾಗ ಇಲ್ಲ ಅಂದೆ. ಈಗ ಬೇಕಾದ್ರೆ ಪರೀಕ್ಷೆ ಮಾಡಿ. ನನ್ನ ಆಸ್ಪರಾಗಸ್ ದಿಬ್ಬದಲ್ಲಿ ಮೊದಲ ನಕ್ಷೆ ಪ್ರಕಾರ ಮುನ್ನೂರ ಹತ್ತು ಇರಬೇಕು. ಎರಡನೇದರ ಪ್ರಕಾರ ಎಂಟುನೂರ ನಲವತ್ತು. ಕೊರೀರಿ!"

"ವೀಲ್!" ಎಂದು ಆನೆಮಿ ಚೀರಿದಳು. "ಆಸ್ಪರಾಗಸ್!"

"ಕೊರೀಲಿ ಬಿಡೇ!"

ಎರಡೂ ಸಂಖ್ಯೆಗಳನ್ನು ಎಲ್ಲರೆದುರಿಗೆ ಹಲಗೆಯ ಮೇಲೆ ಬರೆಸಿದೆ. ದೋಮೆನ್ ಮೇಡಂ ಕಾರಿನಿಂದ ಸಲಾಕೆಯನ್ನೂ, ತಲೆ ಒಣಗಿಸುವ ಯಂತ್ರದಂಥ ಒಂದು ಅಳತೆಯ ಉಪಕರಣವನ್ನೂ ತಂದರು. ಮಣ್ಣಿಗೆ ಹಿಡಿದರೆ ನಿಂತಲ್ಲೇ ಸಂಖ್ಯೆ ತೋರಿಸುತ್ತದಂತೆ. ಇಡೀ ಸಂಘ ಮೆರವಣಿಗೆಯಲ್ಲಿ ವೀಲ್‌ನ ತೋಟಕ್ಕೆ ನಡೆಯಿತು. ಮೇಡಂ ಜೇಬಿನಲ್ಲಿ ಸತು ಇಟ್ಟುಕೊಂಡಿದ್ದಾರೆಯೇ ಎಂದು ಲಂಬೆರ್ತ್ ಅವರ ಹಿಂದೆ ಹಿಂದೆಯೇ ಹೋದ.

ಮೂರು ವರ್ಷದಿಂದ ಯಾರೂ ತುಳಿಯದ ದಿಬ್ಬದೊಳಗೆ ಸಲಾಕೆ ಇಳಿಯಿತು. ಒಂದು ಬಿಳಿ ದಂಟು ಟಪ್ ಎಂದು ಮುರಿಯಿತು. ಆನೆಮಿ ಕಣ್ಣು ಮುಚ್ಚಿಕೊಂಡಳು. ಮೇಡಂ ಮಣ್ಣಿಗೆ ಉಪಕರಣ ಹಿಡಿದು ಅರ್ಧ ನಿಮಿಷ ಕಾದರು.

"ಎಂಟುನೂರ ಹದಿನೈದು."

"ಗೆದ್ದೆ!" ಎಂದು ವೀಲ್ ಟೋಪಿ ಮೇಲಕ್ಕೆಸೆದ. "ಎಂಟುನೂರ ನಲವತ್ತು ಅಂದಿದ್ದೆ! ಬರೀ ಇಪ್ಪತ್ತೈದು ವ್ಯತ್ಯಾಸ! ನೋಡಿದ್ರಾ? ನಾನು ಹೇಳ್ಲಿಲ್ವಾ?"

"ಏನ್ ಗೆದ್ದೆ?" ಎಂದಳು ಆನೆಮಿ.

ವೀಲ್ ಟೋಪಿ ಎತ್ತಿಕೊಳ್ಳಲು ಬಗ್ಗಿದವನು ಹಾಗೇ ನಿಂತ. ದಿಬ್ಬ ನೋಡಿದ, ಮುರಿದ ದಂಟು ನೋಡಿದ. ಅರವತ್ತೆಂಟು ವರ್ಷದ ಜೀವನದಲ್ಲಿ ಅವನು ಒಂದು ವಿಷಯದಲ್ಲಿ ಸರಿಯೆನಿಸಿಕೊಂಡದ್ದು ಇದೇ ಮೊದಲು, ಅದಕ್ಕೆ ತೆತ್ತದ್ದು ಮೂರು ವರ್ಷದ ಆಸ್ಪರಾಗಸ್.

"ಇವನೇ ನಿನ್ನೆ ತಂದು ಸುರಿದಿರ್ತಾನೆ," ಎಂದ ಲಂಬೆರ್ತ್. "ತಾನು ಹೇಳಿದ್ದು ಸರಿ ಅಂತ ತೋರಿಸ್ಕೊಳ್ಳೋಕೆ."

"ಸರಿ ಅಧ್ಯಕ್ಷರೇ, ಹಾಗಾದ್ರೆ ನಿಮ್ಮ ತೋಟದಲ್ಲಿ ಕೊರೆಯೋಣ," ಎಂದರು ಮೇಡಂ.

"ಜೇನುಹುಳ..." ಎಂದು ಲಂಬೆರ್ತ್ ಶುರು ಮಾಡಿದ. ನಲವತ್ತು ತಲೆಗಳು ನಿಧಾನವಾಗಿ ಅವನ ಕಡೆ ತಿರುಗಿದವು. ಈ ತಿರುಗುವಿಕೆ ಎಂಥದೆಂದು ತಾಂತೆಗೆ ಗೊತ್ತಿತ್ತು, ಈಗ ಅವನಿಗೂ ಗೊತ್ತಾಯಿತು. ಬಾಯಿ ಮುಚ್ಚಿ ಬೇಲಿಯ ಬಾಗಿಲು ತೆರೆದ. ಎಂಟುನೂರ ಅರವತ್ತು ಬಂತು. ಜೇನುಹುಳಗಳು ತಲೆಯನ್ನೂ ಹೊರಗೆ ಹಾಕಲಿಲ್ಲ. ಮುಂದಿನ ತೋಟದಲ್ಲಿ ಎಂಟುನೂರು ಬಂತು, ನಾಯಿಯ ಸುಳಿವೇ ಇರಲಿಲ್ಲ. ನನ್ನ ಕ್ಯಾರೆಟ್ ಏಳುನೂರ ತೊಂಬತ್ತು.

ಮೇಡಂ ಅಲ್ಲೇ ತೀರ್ಪು ಹೇಳಿದರು. ಇದು ನದಿಯ ಕೆಲಸ, ಯಾರೂ ಖಾಲಿ ಮಾಡಬೇಕಿಲ್ಲ, ಮೊದಲನೇ ಸಾಲಿನವರು ಇನ್ನು ಹೂವು ಬೆಳೆಯಬೇಕು. ಲಂಬೆರ್ತ್ ತಾಂತೆಯ ಎದುರು ನಿಂತು ಗಂಟಲು ಸರಿ ಮಾಡಿಕೊಂಡು, "ಏನೋ ನಕ್ಷೆ ಹಂಗಿತ್ತು ತಾಂತೆ" ಎಂದ. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಕ್ಷಮಾಪಣೆಯನ್ನು ನಾನು ಕೇಳಿಲ್ಲ.

ಎಲ್ಲರೂ ಶೆಡ್ಡಿಗೆ ಮರಳಿದೆವು. ಕಾಫಿ ಬಂತು. ತಾಂತೆ ಗಾಡಿಯಿಂದ ಮೂರು ವ್ಲಾಯ್ ತೆಗೆದು ಮೇಜಿನ ಮೇಲಿಟ್ಟಳು. ತನ್ನನ್ನೇ ಹೊರಗೆ ಕಳುಹಿಸುವ ಸಭೆಗೂ ಬೇಯಿಸಿ ತಂದಿದ್ದಳು ಪುಣ್ಯಾತ್ಗಿತ್ತಿ! ಪ್ರಾಯಶ್ಚಿತ್ತಕ್ಕೆಂಬಂತೆ ಎಲ್ಲರೂ ಒಂದೊಂದು ತುಂಡು ತಟ್ಟೆಗೆ ಹಾಕಿಸಿಕೊಂಡರು. ವೀಲ್ ಬಾಯಿಗಿಡುವ ಮೊದಲು ಒಮ್ಮೆ ಮೂಸಿ ನೋಡಿದ.

"ತಾಂತೆ, ಇದು ಯಾವ ರೂಬಾರ್ಬು? ಅದೇ ತೋಟದ್ದಾ?"

"ಅಗೆದ ಗಿಡದ್ದೇ. ದಂಟು ಎಸೆಯೋಕೆ ಮನಸು ಬರ್ಲಿಲ್ಲ."

"ನೀವೂ ತಿನ್ನಿ ಮತ್ತೆ," ಎಂದ ಲಂಬೆರ್ತ್, ಅನುಮಾನದಿಂದ.

"ನಾನಾ?" ಎಂದಳು ತಾಂತೆ. "ನಂಗೆ ಹುಳಿ ಆಗಲ್ವಲ್ಲೋ, ಹೊಟ್ಟೆ ಉರಿಯುತ್ತೆ. ಮೂವತ್ತನಾಲ್ಕು ವರ್ಷದಲ್ಲಿ ಆ ತೋಟದ ಒಂದು ತುಂಡು ರೂಬಾರ್ಬ್ ನಾನು ತಿಂದಿಲ್ಲ. ಬೆಳೆದದ್ದೆಲ್ಲ ನೀವೇ ತಿಂದದ್ದು."

ನಲವತ್ತು ಚಮಚಗಳು ನಡುದಾರಿಯಲ್ಲಿ ನಿಂತವು. ಮೂವತ್ತನಾಲ್ಕು ವರ್ಷದ ಸಭೆಗಳು, ಮದುವೆಗಳು, ತಿಥಿಗಳು ಎಲ್ಲರ ಕಣ್ಮುಂದೆ ಸಾಲುಗಟ್ಟಿ ಹೋದವು. ತಾಂತೆ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು, ಎರಡು ವಾರದಲ್ಲಿ ಮೊದಲ ಸಲ ಆಕೆಗೆ ನಗು ಬಂತು.

"ಯಾರಾದ್ರೂ ಸತ್ತಿದೀರಾ?"

ಯಾರೂ ಸತ್ತಿರಲಿಲ್ಲ. ಮೊದಲು ವೀಲ್ ಬಾಯಿಗಿಟ್ಟ. ಅಗಿದ, ನುಂಗಿದ, ತಟ್ಟೆ ಮುಂದಕ್ಕೆ ಚಾಚಿ, "ಇನ್ನೊಂದು ತುಂಡು ಹಾಕಿ ತಾಂತೆ" ಎಂದ. ಪಕ್ಕದಲ್ಲಿದ್ದವರು ಅವನನ್ನು ನೋಡಿದರು, ಅವರ ಪಕ್ಕದವರು ಅವರನ್ನು ನೋಡಿದರು, ಹಾಗೆ ನೋಡುತ್ತ ನೋಡುತ್ತ ಕೊನೆಯ ಬೆಂಚಿನವರೆಗೂ ಎಲ್ಲರೂ ತಿಂದರು. ನಾನೂ ತಿಂದು, ಕೈ ಒರೆಸಿಕೊಂಡು ನಡಾವಳಿ ಬರೆದೆ: ವ್ಲಾಯ್, ಮೂರು. ಉಳಿದದ್ದು, ಏನೂ ಇಲ್ಲ.